ಬಾಗಿಲಿಗೆ ಬೆನ್ನು

ಹೆಜ್ಜೆ ಸದ್ದು ಒಳಗೆ ಬಂದು ಪೆಟ್ಟಿಗೆಯ ಹತ್ತಿರ ನಿಂತಿತು. ಮುಚ್ಚಳ ತೆಗೆದ ಸದ್ದು ಮಾತ್ರ ಬರಲಿಲ್ಲ. ಟೀಚರಮ್ಮ ಬಾಗಿಲಿಗೆ ಬೆನ್ನು ಹಾಕಿ, ಖಾಲಿ ಕಪ್ಪುಹಲಗೆಯನ್ನೇ ನೋಡುತ್ತ ಕಾದಳು.

ಕಟ್ಟಳೆ ಅವಳದೇ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದವಳು ತನ್ನ ತರಗತಿಯಲ್ಲಿ ತಗಡಿನ ಪೆಟ್ಟಿಗೆ ಇಟ್ಟು, ಆಚೆ ತಿರುಗಿ ಕೂತುಬಿಡುವಳು. ಮನೆಯಲ್ಲಿ ಕದ್ದುಮುಚ್ಚಿ ಪಿಸ್ತೂಲು ಇಟ್ಟುಕೊಂಡವರು ಬಂದು ಹಾಕಿ ಹೋಗಬಹುದು. ಯಾರು, ಯಾಕೆ ಎಂದು ಕೇಳುವುದಿಲ್ಲ, ತಿರುಗಿ ನೋಡುವುದೂ ಇಲ್ಲ. ಪೊಲೀಸರನ್ನು ಕಾಡಿ ಬೇಡಿ ಇದಕ್ಕೆ ಒಪ್ಪಿಸಿದ್ದಳು. ಬೆನ್ನಿಗೆ ಗುಂಡು ತಿಂದವಳು ಬೆನ್ನು ತೋರಿಸಿಕೊಂಡೇ ಕೂರುತ್ತಾಳಲ್ಲ, ತಲೆ ಕೆಟ್ಟಿರಬೇಕು ಎಂದು ಮೊದಮೊದಲು ಜನ ಆಡಿಕೊಂಡರು. ಆಮೇಲೆ ಅವರೇ ಒಬ್ಬೊಬ್ಬರಾಗಿ ಬರತೊಡಗಿದರು.

ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಪಾಠದ ನಡುವೆ, ಬಾಗಿಲಿನಿಂದ ಯಾರೋ ಹೊಡೆದ ಗುಂಡು ಅದು. ಪುಣ್ಯಕ್ಕೆ ಮಕ್ಕಳಿಗೆ ಏನೂ ಆಗಲಿಲ್ಲ. ಇವಳೂ ಸತ್ತು ಬದುಕಿದಳು. ಹೊಡೆದವನು ಸಿಗಲಿಲ್ಲ. ಅವನನ್ನು ಕ್ಷಮಿಸಿದ್ದೇನೆ ಎಂದು ಪ್ರಾರ್ಥನೆಯಲ್ಲಿ ಎಲ್ಲರೆದುರು ಎದ್ದು ನಿಂತು ಹೇಳಿದ್ದಳು. ಮುಖವೇ ಇಲ್ಲದವನನ್ನು ಕ್ಷಮಿಸಲು ಗಂಟೇನು ಹೋಗುತ್ತದೆ?

ಪೆಟ್ಟಿಗೆಗೆ ಬೀಗವಿಲ್ಲ, ಇಟ್ಟು ಹೋಗಿ ಎಂದಳು. ಹಿಂದಿನಿಂದ ಗಂಡಸಿನ ಪಿಸುದನಿ ಬಂತು.

"ಚಂದ್ರನ್ನ ನೀವು ಬರೀಲೇ ಇಲ್ಲ."

ಗುಂಡು ಬಿದ್ದ ದಿನದ ಪಾಠ ಗ್ರಹಣದ್ದು. ಸೂರ್ಯನನ್ನು ಬರೆದು, ಭೂಮಿಯನ್ನು ಬರೆದು, ಚಂದ್ರನಿಗೆಂದು ಸೀಮೆಸುಣ್ಣ ಎತ್ತಿದಾಗಲೇ ಅವಳು ಬಿದ್ದದ್ದು. ಅದನ್ನು ಕಂಡವರು ಬೆಂಚಿನಲ್ಲಿದ್ದ ಪುಟ್ಟ ಮಕ್ಕಳು. ಮತ್ತೆ, ಬಾಗಿಲಲ್ಲಿ ನಿಂತಿದ್ದವನು.

ಕತ್ತು ತಾನಾಗಿಯೇ ತಿರುಗಹೊರಟಿತು. "ನೋಡಲ್ಲ ಅಂತ ಮಾತು ಕೊಟ್ಟಿದೀರಿ" ಎಂದಿತು ದನಿ. ಅವಳು ತಡೆದುಕೊಂಡಳು. ಒಮ್ಮೆ ತಿರುಗಿದರೆ ಆಯಿತು, ಮುಂದೆ ಈ ಪೆಟ್ಟಿಗೆಯ ಹತ್ತಿರ ನರಪಿಳ್ಳೆಯೂ ಸುಳಿಯುವುದಿಲ್ಲ. ಅಲ್ಲದೆ ಅವನ ಕೈಯಲ್ಲಿರುವುದು ಇನ್ನೂ ಪೆಟ್ಟಿಗೆಗೆ ಬಿದ್ದಿಲ್ಲ. ಅವಳಿಗೆ ವಿಪರೀತ ಹೆದರಿಕೆಯಾಯಿತು. ದೇವರ ಹೆಸರು ಕೂಡ ನಾಲಿಗೆಗೆ ಬರಲಿಲ್ಲ.

"ಆ ಪಾಠ ಮುಗಿಸಿ ಟೀಚರ್."

ಅವಳು ಎದ್ದು ಸೂರ್ಯನನ್ನು ಬರೆದಳು. ಭೂಮಿಯನ್ನು ಬರೆದಳು. ಹಿಂದೆ ಮಕ್ಕಳ ಬೆಂಚು ದೊಡ್ಡ ಮೈಯ ಭಾರಕ್ಕೆ ಕಿರ್‍ರೆಂದಿತು. ಅವನು ಕೂತಿದ್ದ. ಅವಳು ಚಂದ್ರನನ್ನೂ ಬರೆದಳು. ಭೂಮಿ ನಡುವೆ ಬಂದು ನಿಂತಾಗ ಅದರ ನೆರಳು ಚಂದ್ರನ ಮೇಲೆ ಬೀಳುತ್ತದೆ ಎಂದು, ಮಕ್ಕಳಿಗೆ ಹೇಳುವ ಹಾಗೆಯೇ ನಿಧಾನವಾಗಿ ಹೇಳಿಕೊಟ್ಟಳು. ಪಾಠ ಎಲ್ಲೂ ತಪ್ಪಲಿಲ್ಲ. ಬೆಂಚು ಮತ್ತೊಮ್ಮೆ ಕಿರುಗುಟ್ಟಿತು. ಮುಚ್ಚಳ ತೆರೆಯಿತು, ಭಾರವಾದದ್ದೇನೋ ತಗಡಿಗೆ ಬಡಿಯಿತು, ಹೆಜ್ಜೆಗಳು ದೂರವಾದವು.

ಹೊರಬಂದು ನೋಡಿದರೆ ಮೆಟ್ಟಿಲ ಮೇಲೆ ತಂಗಿ ಕೂತು ಲಂಗದ ಅಂಚು ಹೊಲಿಯುತ್ತಿದ್ದಳು. ಜೊತೆಗೆ ಬಂದಾಗೆಲ್ಲ ಅವಳು ಕೂರುವುದು ಒಳಗೆ, ಸ್ಟಾಫ್ ರೂಮಿನಲ್ಲಿ. ಇವತ್ತು ಕರೆಂಟು ಹೋಗಿ, ಸೂಜಿಗೆ ಬೆಳಕು ಬೇಕೆಂದು ಎದ್ದು ಬಂದಿದ್ದಳು. ತನ್ನ ಕಣ್ಣಿಗೆ ಕಟ್ಟಳೆ ಹಾಕಿಕೊಂಡ ಟೀಚರಮ್ಮ ತಂಗಿಯ ಕಣ್ಣನ್ನು ಮರೆತೇಬಿಟ್ಟಿದ್ದಳು.

"ಅಕ್ಕ, ಈಗ ಹೋದನಲ್ಲ, ಅವನ ಹತ್ರಾನೂ ಪಿಸ್ತೂಲಿತ್ತಾ? ಇರುವೆ ತುಳಿಯೋಕೂ ಹಿಂದೆ ಮುಂದೆ ನೋಡೋ ಮನುಷ್ಯ. ದಿನಾ ಬೆಳಿಗ್ಗೆ ಮಗಳನ್ನ ನಿನ್ ಕೈಗೇ ಒಪ್ಸಿ ಹೋಗ್ತಾನಲ್ಲೇ, ಅದೇ..."

ಟೀಚರಮ್ಮ ತಂಗಿಯ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. ಸೀಮೆಸುಣ್ಣದ ಪುಡಿ ತಂಗಿಯ ತುಟಿಗೆಲ್ಲ ಮೆತ್ತಿತು. ಹೆಸರು ಹೇಳಬೇಡ, ಸಾಯೋ ತನಕ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಎಂದಿನಂತೆ ಗೇಟಿನಲ್ಲಿ ನಿಂತಳು. ಅಪ್ಪಂದಿರು ಒಬ್ಬೊಬ್ಬರಾಗಿ ಬಂದು, ಹೆಣ್ಣುಮಕ್ಕಳ ಪುಟ್ಟ ಕೈಗಳನ್ನು ಅವಳ ಕೈಗಿಟ್ಟು, ನಮಸ್ಕಾರ ಟೀಚರ್ ಎಂದು ನಕ್ಕರು. ಒಬ್ಬೊಬ್ಬನೂ ಅವನೇ ಆಗಿದ್ದ.