ಅಡುಗೆಮನೆಯ ಸರದಿ

ಊರಿನವರು ಮನೆ ಕಟ್ಟಲು ಹೊಳೆಯ ಮರಳನ್ನೆಲ್ಲ ಎತ್ತಿದ್ದರಿಂದ ಕಡಲದಂಡೆ ಸವೆದುಹೋಗಿತ್ತು. ದಂಡೆ ಮತ್ತೆ ತುಂಬಿಸಲು, ಕಡಲ ಕಚೇರಿಯ ಕಟ್ಟಳೆಯಂತೆ, ಈಗ ತಾರಸಿ ಮನೆಗಳೆಲ್ಲ ಒಂದೊಂದೇ ಕೋಣೆಯಾಗಿ ಕಡಲಿಗೆ ವಾಪಸಾಗುತ್ತಿದ್ದವು. ಜಟ್ಟಯ್ಯನ ಮನೆಯಲ್ಲಿ ಈ ಸಲ ಅಡುಗೆಮನೆಯ ಸರದಿ. ಗೋಡೆ ಒಡೆದು, ಗಿರಣಿಯಲ್ಲಿ ಪುಡಿ ಮಾಡಿಸಿ, ಸಿಮೆಂಟು ತೆಗೆಸಿದ ಮರಳನ್ನು ಅವನೂ ಹೆಂಡತಿ ದೇವಕಿಯೂ ಕೈಗಾಡಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಗೆ ತಂದರು.

ಕಡಲ ಕಚೇರಿಯ ಹುಡುಗಿ ನೀರಿನ ಸೆಳೆತ ನೋಡಿ, "ಈಗ ಹಾಕಿ, ದಂಡೆ ಕಡೆಗೇ ಹೋಗ್ತದೆ" ಎಂದಳು.

ಸುರಿಯುವಾಗ ಕೋಣೆಯ ಹೆಸರು ಹೇಳುವುದು ವಾಡಿಕೆ. "ನಮ್ಮ ಅಡುಗೆಮನೆ" ಎಂದು ದೇವಕಿ ಗಾಡಿಯನ್ನು ಓರೆ ಮಾಡಿದಳು.

ಹಿಂದಿರುಗುವಾಗ ಜಟ್ಟಯ್ಯನ ಅಕ್ಕ ಸುಕ್ರಿ ಹೊಸ ದಂಡೆಯ ಮೇಲೆ ಸಿಗಡಿ ಒಣಗಿಸುತ್ತಿದ್ದಳು. ಕಡಲು ಮೊದಲು ನುಂಗಿದ್ದು ಅಲ್ಲಿದ್ದ ಅವಳ ಮನೆಯನ್ನೇ. ಮರಳಿನಲ್ಲಿ ಅಲ್ಲಲ್ಲಿ ಗೋಡೆಯ ನೀಲಿ ಬಣ್ಣದ ಚೂರುಗಳು ಮಿನುಗುತ್ತಿದ್ದವು.

"ಇದು ಹೋದ ಸಲ ನೀವು ಹಾಕಿದ ಚಾವಡಿ ಅಲ್ವಾ ತಮ್ಮಾ?" ಎಂದಳು ಸುಕ್ರಿ.

"ನೀವೇ ಪುಣ್ಯವಂತರು ಅತ್ಗೆ," ದೇವಕಿ ಸಿಡುಕಿದಳು. "ನಿಮ್ಗೆ ಕಡಲಿಗೆ ವಾಪಸ್ ಕೊಡೂದು ಏನೂ ಇಲ್ಲ."

"ಹೌದೇ. ನಂದು ತೆಂಗಿನ ಮಡಲಿನ ಗುಡಿಸಲು. ಅದ್ರಲ್ಲಿ ಒಂದು ಬೊಗಸೆ ಮರಳೂ ಇರ್ಲಿಲ್ಲ," ಎಂದು ಸುಕ್ರಿ ಸಿಗಡಿ ಮಗುಚಿದಳು.

ಜಟ್ಟಯ್ಯ ಗಾಡಿಯ ತಳ ತಟ್ಟಿ, ಅಂಟಿಕೊಂಡಿದ್ದ ಮರಳನ್ನು ಅವಳ ಕಾಲ ಬಳಿ ಸುರಿದ. ಕೋಣೆಯ ಹೆಸರು ಹೇಳಲು ಅವನಿಗೆ ಬಾಯಿ ಬರಲಿಲ್ಲ.