ಸ್ಕೀಡಾಮಿನ ಅತ್ತಿಗೆ

ಜಮೀಲ ಬೂತಾಯಿ ಮೀನಿನ ತಲೆ ಮುರಿದು ಕರುಳು ತೆಗೆಯುತ್ತಿದ್ದರು. ಗಲ್ಫಿನ ಮುಸಫ್ಫಾದ ಆ ಫ್ಲಾಟಿನಲ್ಲಿ ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಗೋಡೆಯಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಸೊಸೆ ರಶೀದ ಕೈ ಚೆಲ್ಲಿದಳು.

“ಖಲಾಸ್ ಮಾಮಿ. ಹಾಲೆಂಡಿನ ಆ ಊರಲ್ಲಿ ಮರಿಯಮ್ ಅಂತ ಯಾರೂ ಸಿಗ್ತಾ ಇಲ್ಲ. ಹುಟ್ಟಿದವರಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ.”

“ಹೇಗೆ ಸಿಗ್ತಾಳೆ ಮಾರಾಯ್ತಿ? ಆ ಹೆಸರು ನಿಖಾದ ದಿನ ನಾವು ಇಟ್ಟದ್ದು. ಅವಳ ಅಪ್ಪ ಇಟ್ಟ ಹೆಸರನ್ನು ನಮ್ಮಲ್ಲಿ ಯಾರೂ ಕೇಳ್ಲೇ ಇಲ್ಲ.”

ಹಡಗಿನ ಕೆಲಸದಲ್ಲಿದ್ದ ಜಮೀಲರ ಅಣ್ಣ ಮೊಯ್ದೀನ್, ಸ್ಕೀಡಾಮ್ ಊರಿನ ಹುಡುಗಿಯನ್ನು ಉಳ್ಳಾಲಕ್ಕೆ ಕರೆತಂದು ಮದುವೆಯಾಗಿ, ಅವಳ ಜೊತೆಯೇ ಅಲ್ಲಿಗೆ ಹೋಗಿದ್ದ. ಎಪ್ಪತ್ತನಾಲ್ಕರಲ್ಲಿ ಒಬ್ಬನೇ ರಜೆಗೆ ಬಂದವನು ಕಾಮಾಲೆ ಹಿಡಿದು ವಾರದೊಳಗೆ ತೀರಿಹೋದ. ಮರಳಿ ಹೋಗುವ ಟಿಕೆಟು ದಿಂಬಿನ ಕೆಳಗಿತ್ತು. ಮಸೀದಿಯ ಖತೀಬರು ಬರೆದುಕೊಟ್ಟ ಕಾಗದ ‘ಮರಿಯಮ್, ಮೊಯ್ದೀನರ ಹೆಂಡತಿ, ಸ್ಕೀಡಾಮ್’ ಎಂಬ ವಿಳಾಸ ಹೊತ್ತು ಹೋಗಿ, ಒಡೆಯದೆಯೇ ಮಸೀದಿಗೆ ಹಿಂದಿರುಗಿತು. ಅದೇ ಮಳೆಗಾಲ ಕಡಲು ಉಳ್ಳಾಲದ ಅವರ ತವರುಮನೆಯನ್ನೇ ಎಳೆದುಕೊಂಡಿತು. ಅತ್ತಿಗೆ ಬರೆದಿದ್ದರೂ ಅವಳ ಕಾಗದ ತಲುಪಲು ಅಲ್ಲಿ ಬಾಗಿಲಿರಲಿಲ್ಲ. ಗಂಡ ಬಿಟ್ಟುಹೋದ ಎಂದುಕೊಂಡೇ ಅವಳು ಬದುಕಿರಬಹುದು. ನಲವತ್ತು ವರ್ಷಗಳಿಂದ ಜಮೀಲರಿಗೆ ಅದೊಂದೇ ಕೊರಗು.

“ಅಣ್ಣನ ಹೆಸರು ಹಾಕಿ ನೋಡು.”

“ಅವರ ಹೆಸರು ಅಲ್ಲಿ ಯಾಕಿರ್ತದೆ ಮಾಮಿ? ಅವರು ಉಳ್ಳಾಲದವರು.”

“ಹಿಂದೆ ನಮ್ಮಲ್ಲಿ ಗಂಡಸು ಹೆಂಡತಿಯ ಮನೆ ಸೇರುವುದಲ್ವಾ? ಅವನೂ ಹಾಗೇ ಹೋದದ್ದು. ಅಳಿಯನನ್ನು ಲೆಕ್ಕಕ್ಕೆ ಹಿಡಿಯದ ಮನೆ ಉಂಟಾ?”

“ನಿಮ್ಮ ಮಗ ಮಾತ್ರ ನಮ್ಮ ಮನೆಗೆ ಬರ್ಲಿಲ್ಲ.”

“ಬಂದಿದ್ರೆ ನಿನ್ನ ಉಮ್ಮ ಎರಡೇ ದಿನಕ್ಕೆ ಓಡಿಸ್ತಿದ್ದರು. ನೀನು ಹುಡುಕು.”

ಸ್ಕೀಡಾಮಿನವರು ತಮ್ಮ ಹಳೆಯ ಪತ್ರಿಕೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದರು. ರಶೀದ ‘ಮೊಯ್ದೀನ್’ ಎಂದು ಹಾಕಿದಳು. ಒಂದೇ ಒಂದು ಪುಟ ತೆರೆದುಕೊಂಡಿತು. ಎಂಬತ್ತೊಂದರಲ್ಲಿ ತೀರಿಕೊಂಡ ಒಬ್ಬ ಮುದುಕನ ಮರಣವಾರ್ತೆ. ಕೆಳಗೆ ಮಕ್ಕಳ, ಅಳಿಯಂದಿರ ಹೆಸರುಗಳು. ಅವುಗಳಲ್ಲೊಂದು ‘ಯೋಹಾನ್ನಾ ಮತ್ತು ಮೊಯ್ದೀನ್’.

“ಯೋಹಾನ್ನಾ,” ಎಂದರು ಜಮೀಲ. ಇನ್ನೊಮ್ಮೆ ಮೆಲ್ಲಗೆ ಹೇಳಿ ನೋಡಿದರು.

ರಶೀದಳ ದನಿ ತಗ್ಗಿತ್ತು. “ಮಾಮಿ, ಇಲ್ಲಿ ಇನ್ನೊಬ್ಬ ಅಳಿಯನ ಹೆಸರಿನ ಜೊತೆ ‘ದಿವಂಗತ’ ಅಂತ ಉಂಟು. ನಮ್ಮವರ ಹೆಸರಿಗೆ ಅದಿಲ್ಲ.”

ಜಮೀಲರ ಬೆರಳುಗಳಿಂದ ಮೀನಿನ ನೀರು ತೊಟ್ಟಿಕ್ಕುತ್ತಿತ್ತು. “ಅವನು ಹೋಗಿ ಏಳು ವರ್ಷ ಆಗಿತ್ತು. ಬದುಕಿದ್ದಾನೆ ಅಂತಲೇ ಬರೆಸಿದ್ದಾಳೆ. ಹೆಸರು ತೆಗೆಸ್ಲಿಲ್ಲ ನೋಡು.”

ವಾರ್ತೆಯ ಕೊನೆಯಲ್ಲಿ ಮನೆಯ ವಿಳಾಸವಿತ್ತು. ರಶೀದ ಅದನ್ನು ಅಲ್ಲಿನ ಈಗಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಹುಡುಕಿದಳು. ಅದೇ ಬೀದಿ, ಅದೇ ಮನೆ. ಹೆಸರು ಯೋಹಾನ್ನಾ.

“ನಂಬರೂ ಉಂಟು. ಫೋನ್ ಮಾಡ್ಲಾ?”

“ಬೇಡ. ಇದು ಫೋನಲ್ಲಿ ಹೇಳುವ ಸುದ್ದಿಯಲ್ಲ. ಅವಳು ಕೂತು ಓದ್ಲಿ.”

ಮರುದಿನ ಅಂಚೆ ಕಚೇರಿಯಲ್ಲಿ ಜಮೀಲ ದಪ್ಪ ಲಕೋಟೆಯನ್ನು ಕೌಂಟರಿನ ಮೇಲಿಟ್ಟರು. ಅದರೊಳಗೆ ಖತೀಬರ ಒಡೆಯದ ಕಾಗದ, ಅಣ್ಣನ ಟಿಕೆಟು, ಇಂಗ್ಲಿಷಿನಲ್ಲಿ ರಶೀದ ಬರೆದ ನಾಲ್ಕು ಸಾಲು. ಹೊರಗೆ ಈ ಸಲ ಯೋಹಾನ್ನಾ ಎಂದೇ ಬರೆದಿತ್ತು.

ಗುಮಾಸ್ತ ಕಾಸರಗೋಡಿನವನು. ಲಕೋಟೆ ತೂಗಿ, “ಸಾದಾ ಅಂಚೆಗೆ ಎರಡು ವಾರ ಆಗ್ತದೆ ಉಮ್ಮ. ಅರ್ಜೆಂಟಾದ್ರೆ ನಾಲ್ಕೇ ದಿನ, ಆದ್ರೆ ದುಬಾರಿ,” ಎಂದ.

“ಸಾದಾ ಸಾಕಲ್ವಾ ಮಾಮಿ? ಇಷ್ಟು ವರ್ಷವೇ ಆಯ್ತು,” ಎಂದಳು ರಶೀದ.

ಜಮೀಲ ಆಗಲೇ ಪರ್ಸ್ ಬಿಚ್ಚುತ್ತಿದ್ದರು.

“ಅರ್ಜೆಂಟ್ ಮಾಡು ಮಗಾ. ಅವಳು ಕಾಯ್ತಾ ಇದ್ದಾಳೆ.”