ಮುಂಬೈನಾ, ಚೆನ್ನೈನಾ?

"ಒಂಬತ್ತು ಗಂಟೆ ಒಳಗೆ ಹೇಳ್ಬಿಡಿ ದಾನೇಶ್ವರಿ. ಮುಂಬೈನಾ, ಚೆನ್ನೈನಾ? ನೀವು ಯಾವ್ದು ಅಂತೀರೋ ಅದೇ ಫೈನಲ್," ಎಂದು ಸೂಪರ್‌ವೈಸರ್ ನಿವೇದಿತಾ ಮೇಡಂ ಫೋನಿಟ್ಟಾಗ ಬೆಳಿಗ್ಗೆ ಎಂಟು. ದಾನೇಶ್ವರಿಯ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಗೆಲ್ಲ ಜೋಳದ ಹಿಟ್ಟು. ಪೀಣ್ಯದಲ್ಲಿ ಕಾರಿನ ವೈರು ಜೋಡಿಸುವ ಕಂಪನಿಯಲ್ಲಿ ಆರು ವರ್ಷ ದುಡಿದಿದ್ದಳು. ಈಗ ಕಂಪನಿ ಆ ಎರಡು ಊರಲ್ಲೂ ಹೊಸ ಘಟಕ ತೆರೆಯುತ್ತಿದೆ, ಹೊಸ ಹುಡುಗಿಯರಿಗೆ ಕೆಲಸ ಕಲಿಸಲು ಇವಳೇ ಬೇಕಂತೆ. ಎರಡೂ ಸಮುದ್ರದ ಊರು! ಇಂಡಿ ತಾಲೂಕಿನಲ್ಲಿ ಹುಟ್ಟಿ ಟಿ. ದಾಸರಹಳ್ಳಿಯ ಬಾಡಿಗೆ ಕೋಣೆಗೆ ಬಂದ ದಾನೇಶ್ವರಿ ಸಮುದ್ರವನ್ನು ಕಂಡಿದ್ದು ಮೊಬೈಲಿನಲ್ಲಿ ಮಾತ್ರ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲೊಲ್ಲದು, ತಟ್ಟುತ್ತಿದ್ದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಾಯಿತು.

"ಮುಂಬೈ. ಇದರಾಗ ಕೇಳೂದೇನೈತಿ?" ಎಂದ ಗಂಡ ಸಿದ್ರಾಮ. ಮದುವೆಗೆ ಮುಂಚೆ ನಾಲ್ಕು ವರ್ಷ ಮುಂಬೈ ಕಡೆ ಇದ್ದವನು, ಆ ಊರಿನ ಹೆಸರೆತ್ತಿದರೆ ಎದೆ ಒಂದು ಗೇಣು ಮುಂದೆ ಬರುತ್ತಿತ್ತು.

ಪಕ್ಕದ ಕೋಣೆಯ ಬಸಲಿಂಗ ಹಲ್ಲುಜ್ಜುತ್ತಲೇ ಬಾಗಿಲಿಗೆ ಬಂದ. ಅವನು ಚೆನ್ನೈಯಲ್ಲಿ ಮೂರು ವರ್ಷ ಲೇತ್ ಓಡಿಸಿದವನು. "ಯಾಕ, ಚೆನ್ನೈಗೇನಾಗೈತಿ? ತಂಗಿ, ಅಲ್ಲಿ ಹೊತ್ತು ಹುಟ್ಟೂದ್ರಾಗ ಮನಿ ಮುಂದೆಲ್ಲಾ ರಂಗೋಲಿ. ಎಂಥಾ ಬಡವಿ ತಲಿಯಾಗೂ ಒಂದು ಮೊಳ ಮಲ್ಲಿಗಿ. ಮುಂಬೈಯಾಗ ಮಂದಿ ನಡಿಯೂದಿಲ್ಲ, ಓಡತಾರ. ನಿಂದ್ರಿಸಿ ಮಾತಾಡ್ಸಿದ್ರ ಗಡಿಯಾರ ನೋಡತಾರ."

"ಓಡ್ಲಿ. ರಾತ್ರಿ ಹನ್ನೊಂದಕ್ಕ ಹೆಣ್ಮಗಳು ಒಬ್ಬಾಕಿನೇ ಲೋಕಲ್ ಟ್ರೇನಿನಾಗ ಮನಿಗಿ ಬರತಾಳ, ಎಲ್ಲಿ ಹೋಗಿದ್ದಿ ಅಂತ ಯಾರೂ ಕೇಳೂದಿಲ್ಲ. ಮತ್ತ ನಮ್ಮ ರೊಟ್ಟಿ ಅಲ್ಲಿ ಸಿಗತಾವ, ಭಾಕ್ರಿ ಅಂತಾರ. ನಿಮ್ಮ ಚೆನ್ನೈಯಾಗ ಜ್ವಾಳ ಕೇಳಿದ್ರ ಎಷ್ಟು ಕೋಳಿ ಸಾಕೀರಿ ಅಂತಾರ. ಆ ಸೆಕಿ ಬ್ಯಾರೆ."

"ಇಂಡಿ ಬಿಸಲಾಗ ಹುಟ್ಟಿದಾಕಿಗಿ ಸೆಕಿ ತೋರಿಸಿ ಹೆದರಸ್ತಿಯೇನ್ಲೇ?"

ದಾನೇಶ್ವರಿಗೆ ಎರಡೂ ಊರು ಬೇಕೆನಿಸಿತು. ಮಲ್ಲಿಗೆ ಮುಡಿದು ಲೋಕಲ್ ಟ್ರೇನು ಹತ್ತುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಗಂಡಸರಿಬ್ಬರೂ ಈಗ ಸಮುದ್ರಕ್ಕೇ ಇಳಿದಿದ್ದರು. ಒಬ್ಬ ಕಟ್ಟೆಯ ಮೇಲೆ ಕೂತು ಭೇಲ್‌ಪುರಿ ತಿನ್ನುತ್ತ ಸೂರ್ಯ ಮುಳುಗುವುದನ್ನು ತೋರಿಸಿದರೆ, ಇನ್ನೊಬ್ಬ ಅರ್ಧ ಮೈಲಿ ಮರಳಿನ ಮೇಲೆ ಕುದುರೆ ಓಡಿಸಿ, ಅದೇ ಸೂರ್ಯನನ್ನು ನೀರಿನಿಂದ ಎಬ್ಬಿಸಿದ.

"ಅದೆಲ್ಲಾ ಇರ್ಲಿ," ಎಂದಳು ದಾನೇಶ್ವರಿ. "ನೀರಾಗ ಕಾಲಿಟ್ಟು ನಿಂತ್ರ ಹೆಂಗಾಗತೈತಿ, ಅಷ್ಟ ಹೇಳ್ರಿ."

ಅವಳು ಸುಮ್ಮನೆ ಕೇಳಿದ್ದಲ್ಲ. ಕುಂದಾಪುರದ ನಿವೇದಿತಾ ಮೇಡಂ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು, ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳು ಜಾರುತ್ತದೆ, ನಿಂತ ನೆಲವೇ ನಮ್ಮನ್ನು ಬಿಟ್ಟು ಹೋದ ಹಾಗಾಗುತ್ತದೆ ಅಂತ. ಅಂದಿನಿಂದ ದಾನೇಶ್ವರಿಗೆ ಅದೊಂದೇ ಹುಚ್ಚು. ಜೀವನದಲ್ಲಿ ಒಂದು ಸಲ ಆ ಮರಳು ತನ್ನ ಕಾಲಡಿಯಲ್ಲೂ ಜಾರಬೇಕು.

"ತಣ್ಣಗ ಆಗತೈತಿ," ಎಂದ ಸಿದ್ರಾಮ, ನಲ್ಲಿಯ ಕಡೆ ನೋಡುತ್ತ.

"ಬಿಸಿ ಇರತೈತಿ," ಎಂದ ಬಸಲಿಂಗ.

"ಮತ್ತ ಕಾಲಡಿ ಮರಳು?"

"ಮರಳು... ಮರಳು ಇದ್ದಲ್ಲೇ ಇರತೈತಿ. ಅದೆಲ್ಲಿಗಿ ಹೋಗಬೇಕು?" ಇಬ್ಬರೂ ಇದೊಂದನ್ನು ಮಾತ್ರ ಒಟ್ಟಿಗೇ ಒಪ್ಪಿಕೊಂಡರು.

ದಾನೇಶ್ವರಿ ಹಂಚಿನ ಮೇಲಿನ ರೊಟ್ಟಿ ತೆಗೆದು ಗ್ಯಾಸ್ ಆರಿಸಿದಳು. "ನೀವಿಬ್ರೂ ಸಮುದ್ರ ನೋಡೇ ಇಲ್ಲ."

ಬಸಲಿಂಗ ಬಾಯಿ ಮುಕ್ಕಳಿಸಲು ಹೋದವನು ಬಹಳ ಹೊತ್ತು ಮುಕ್ಕಳಿಸಿದ. ಸಿದ್ರಾಮ ತಲೆ ಕೆರೆದುಕೊಂಡ. "ಮುಂಬೈ ಹೊರಗಿನ ಭಿವಂಡಿ ಮಗ್ಗದಾಗ ದಿನಾ ಹನ್ನೆರಡು ತಾಸು. ಯಾವಾಗರ ಒಂದು ಸೂಟಿ ಸಿಕ್ರ ಅರಿವಿ ಒಗದು ಮಲಗತಿದ್ವಿ. ಇವತ್ತ ಹೋಗೂಣು, ನಾಳೆ ಹೋಗೂಣು ಅನ್ನೂದ್ರಾಗ ನಾಲ್ಕು ವರ್ಷ ಹೋತು."

"ನನ್ನ ರೂಮಿನಿಂದ ಒಂದ ಬಸ್ಸು ಹಿಡದ್ರ ಸಾಕಾಗಿತ್ತು," ಎಂದ ಬಸಲಿಂಗ. "ರವಿವಾರ ಬಂತಂದ್ರ ಓವರ್‌ಟೈಮ್. ಊರಿಗಿ ಹೋದಾಗ ಅವ್ವ ಕೇಳಿದ್ಲು, ಸಮುದ್ರ ಹೆಂಗೈತೋ ಮಗನ ಅಂತ. ನೋಡಿಲ್ಲ ಅಂತ ಹೆಂಗ ಹೇಳ್ಲಿ? ಅವತ್ತಿಂದ ಈ ಕಥಿ ಹೇಳಕೋತ ಬಂದೀನಿ."

ದಾನೇಶ್ವರಿ ಕಿಲಕಿಲ ನಕ್ಕುಬಿಟ್ಟಳು. ಕುದುರೆ, ಭೇಲ್‌ಪುರಿ, ಸೂರ್ಯ, ಎಲ್ಲವೂ ಸುಳ್ಳು! ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿರುವಾಗ ಹೊರಗೆ ಮೆಟ್ರೊ ಹಾದು ಹೋದ ಸದ್ದು ಕೇಳಿತು. ಆರು ವರ್ಷದಿಂದ ದಿನವೂ ಕೇಳುವ ಸದ್ದು. ಅದೇ ಮೆಟ್ರೊ ಹತ್ತಿ ಒಂದು ರವಿವಾರ ಲಾಲ್‌ಬಾಗ್ ನೋಡಿ ಬರೋಣ ಎಂದು ಮದುವೆಯಾದ ವರ್ಷವೇ ಮಾತಾಗಿತ್ತು. ಬಿಡುವಿನ ರವಿವಾರ ಸಿಗದೆ ಇನ್ನೂ ಮಾತಾಗಿಯೇ ಇತ್ತು. ಅವಳ ನಗು ಅರ್ಧಕ್ಕೇ ನಿಂತಿತು.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು.

"ಹೇಳಿ ದಾನೇಶ್ವರಿ, ಬಾಸ್ ಕಾಯ್ತಾ ಇದ್ದಾರೆ. ಯಾವ್ ಊರು?"

ಗಂಡಸರಿಬ್ಬರೂ ಅವಳ ಬಾಯನ್ನೇ ನೋಡಿದರು. ದಾನೇಶ್ವರಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಸಮುದ್ರ ಎರಡೂ ಊರಾಗ ಐತಿರಿ ಮೇಡಂ. ರವಿವಾರ ಯಾವ ಊರಾಗ ಐತ್ರಿ?"